ಕಿಟಿಕಿ ಬದಲಿಸುವ ಮೊದಲು ಬಿಸಿಲು ನೋಡಿ

ಬಂಟ್ವಾಳ ಕಡೆ ನಮ್ಮದು ಕಾಂಕ್ರೀಟು ಮಾಡಿನ ಸಣ್ಣ ಮನೆ. ಪಡುಬದಿಯ ಕೋಣೆಯ ಕಿಟಿಕಿಯ ದಾರಂದಕ್ಕೆ ಗೆದ್ದಲು ಹಿಡಿಯಿತು. ಅಮ್ಮ ಮಲಗುವ ಕೋಣೆ ಅದು. ಮಾರ್ಚ್‌ನಿಂದ ಮೇ ತನಕ ರಾತ್ರಿ ಹತ್ತಾದರೂ ಅಲ್ಲಿ ಸೆಕೆ ಇಳಿಯದು. ಹೇಗೂ ಬದಲಿಸಲಿಕ್ಕಿದೆ, ಸೆಕೆಗೂ ಒಂದು ದಾರಿಯಾಗಲಿ ಎಂದು ನಾಲ್ಕು ಅಂಗಡಿ ಸುತ್ತಿದೆ. ಒಬ್ಬರು ಎರಡು ಪದರ ಗಾಜಿನದ್ದು ತೋರಿಸಿ, "ಇದು ಹಾಕಿ, ಕರೆಂಟು ಉಳೀತದೆ" ಎಂದರು.

ಉಳಿಯುವುದು ಹೌದು, ಆದರೆ ಯಾರಿಗೆ? ಎರಡು ಗಾಜಿನ ನಡುವೆ ಸಿಕ್ಕಿಬಿದ್ದ ಗಾಳಿ ಕಾವು ಆಚೀಚೆ ದಾಟುವುದನ್ನು ಕಡಿಮೆ ಮಾಡುತ್ತದೆ. ಹಿಮ ಬೀಳುವ ಊರಲ್ಲಿ ಮನೆ ಮುಚ್ಚಿ ಕಾಯಿಸುವವರಿಗೆ, ಇಲ್ಲಿ ದಿನವಿಡೀ ಎ.ಸಿ. ಹಾಕುವವರಿಗೆ ಅದು ಲಾಭ. ನಾವು ಕಿಟಿಕಿ ತೆರೆದು ಫ್ಯಾನಿನಡಿ ಮಲಗುವವರು. ತೆರೆದ ಕಿಟಿಕಿಗೆ ಗಾಜು ಒಂದಾದರೇನು, ಎರಡಾದರೇನು? ನೇರ ಬಿಸಿಲನ್ನಂತೂ ಸಾದಾ ಗಾಜು ಎರಡಿದ್ದರೂ ಹೆಚ್ಚೇನೂ ತಡೆಯದು.

ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಒಳಬಂದ ಬಿಸಿಲು ನೆಲ, ಮಂಚ, ಗೋಡೆ ಕಾಯಿಸುತ್ತದೆ. ಆ ಕಾವು ಗಾಜಿನ ಮೂಲಕ ಬಂದಷ್ಟು ಸುಲಭದಲ್ಲಿ ಹಿಂದೆ ಹೋಗದು. ಒಳಗೆ ಪರದೆ ಕಟ್ಟಿದರೆ ಪರದೆಯೇ ಬಿಸಿಯಾಗಿ ಕೋಣೆಗೆ ಕಾವು ಕೊಡುತ್ತದೆ. ತೆಂಕುಬದಿಗೆ ಎರಡಡಿಯ ಸನ್‌ಶೇಡ್ ಹೆಚ್ಚಿನ ಕೆಲಸ ಮಾಡೀತು, ಅಲ್ಲಿ ನಡುಮಧ್ಯಾಹ್ನದ ಸೂರ್ಯ ಮೇಲಿರುತ್ತಾನೆ. ಪಡುಬದಿಯ ಇಳಿಬಿಸಿಲು ಸನ್‌ಶೇಡಿನ ಅಡಿಯಿಂದಲೇ ನುಗ್ಗುತ್ತದೆ. ಅಲ್ಲಿಗೆ ಬೇಕಾದ್ದು ಎದುರಿನ ಮರೆ. ನಾನು ಕಿಟಿಕಿಯಿಂದ ಎರಡಡಿ ಬಿಟ್ಟು ಬಿದಿರಿನ ತಟ್ಟಿ ಇಳಿಬಿಟ್ಟೆ. ಪಕ್ಕದಲ್ಲೇ ಬಸಳೆ ಚಪ್ಪರ, ಬಚ್ಚಲ ನೀರು ಅದಕ್ಕೆ. (ಸಾರಿಗೂ ಆಯಿತು!) ಅಂತರ ಬಿಟ್ಟದ್ದು ಗಾಳಿಗೆ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ಮೇಲೆ ಕಡಲಗಾಳಿ ಬರುವುದೂ ಪಡುವಣದಿಂದಲೇ ಅಲ್ವೇ?

ಇನ್ನು ಕಿಟಿಕಿ. ಈಗ ಎಲ್ಲರೂ ಹಾಕಿಸುವುದು ಜಾರುವ ಪಡಿಯದ್ದು. ಎರಡು ಪಡಿಯಲ್ಲಿ ಒಂದು ಇನ್ನೊಂದರ ಹಿಂದೆ ಹೋದರೆ ತೆರೆಯುವುದು ಅರ್ಧ ಮಾತ್ರ. ಕೀಲಿನ ಮೇಲೆ ತಿರುಗುವ ಹಳೇ ಕ್ರಮದ ಪಡಿ ಹತ್ತರಲ್ಲಿ ಒಂಬತ್ತು ಪಾಲು ತೆರೆಯುತ್ತದೆ. ಕೇಂದ್ರ ಇಂಧನ ಸಚಿವಾಲಯದ 2018ರ ಇಕೋ ನಿವಾಸ ಸಂಹಿತೆ, ಸೆಕೆ-ತೇವದ ಪ್ರದೇಶದ ಮನೆಗಳಿಗೆ ತೆರೆಯುವ ಜಾಗ ನೆಲದ 16.66 ಶೇಕಡಾ, ಅಂದರೆ ಆರನೇ ಒಂದು ಪಾಲು ಇರಬೇಕೆಂದು ಹೇಳಿತ್ತು. ಅಮ್ಮನ ಕೋಣೆ 10 ಅಡಿಗೆ 12 ಅಡಿ. ಲೆಕ್ಕಕ್ಕೆ 20 ಚದರಡಿ ಬೇಕು. 4 ಅಡಿ ಚೌಕದ ಕಿಟಿಕಿಗೆ ಜಾರುವ ಪಡಿ ಹಾಕಿದರೆ ಸಿಗುವುದು 8, ತಿರುಗುವ ಪಡಿಗೆ 14ಕ್ಕೆ ಮೇಲೆ. ಉಳಿದದ್ದಕ್ಕೆ ಎದುರಿನ ಗೋಡೆಯಲ್ಲಿ 3 ಅಡಿ ಚೌಕದ್ದು ಇನ್ನೊಂದು ಇಡಿಸಿದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಗಾಳಿ ಒಳಗೂ ಬಾರದು.

ದಾರಂದಕ್ಕೆ ಮನೆಯ ಹಲಸಿನ ಮರವೇ ಆಯಿತು, ಬಿಳಿ ಭಾಗ ತೆಗೆದು ತಿರುಳು ಮಾತ್ರ. ಮರ ಇಲ್ಲದವರು ಯುಪಿವಿಸಿ ನೋಡಬಹುದು. ಅಲ್ಯುಮಿನಿಯಂ ಹಗುರ, ಗೆದ್ದಲಿಲ್ಲ, ಆದರೆ ಬಿಸಿಲಿಗೆ ಬೇಗ ಕಾಯುತ್ತದೆ. ಸೊಳ್ಳೆ ಬಲೆಯೂ ಗಾಳಿ ತಡೆಯುತ್ತದೆ; ಕಳಚಿ ತೊಳೆಯುವಂಥದ್ದೇ ಹಾಕಿಸಿ. ತಟ್ಟಿಯನ್ನು ಮೇ ಕೊನೆಗೆ ಬಿಚ್ಚಿ ಅಟ್ಟಕ್ಕೇರಿಸಿ, ಮಳೆಗೆ ಬಿಟ್ಟರೆ ಬಾಳ್ವಿಕೆ ಬಾರದು.