ಹಸಿದ ಜೀವಕೋಶ ಏನನ್ನು ತಿನ್ನುತ್ತದೆ?

ಮಕ್ಕಳೇ, ಒಂದು ಹೊತ್ತು ಊಟ ತಪ್ಪಿದರೆ ನಿಮ್ಮ ಹೊಟ್ಟೆ ಚುರುಗುಟ್ಟುತ್ತದೆ. ನಿಮ್ಮ ದೇಹದ ಜೀವಕೋಶಗಳಿಗೂ ಆಹಾರ ಬೇಕು. ಅದು ಸಿಗದಿದ್ದಾಗ ಅವು ಏನು ಮಾಡುತ್ತವೆ ಗೊತ್ತೇ? ತಮ್ಮೊಳಗಿನ ಭಾಗಗಳನ್ನೇ ತಿನ್ನುತ್ತವೆ! ಇದೇ ಆಟೋಫೇಜಿ, ಅಂದರೆ ಸ್ವಭಕ್ಷಣೆ. 1963ರಲ್ಲಿ ಈ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್. ಗ್ರೀಕ್ ಭಾಷೆಯಲ್ಲಿ 'ಆಟೋ' ಎಂದರೆ ತಾನೇ. (ನಿಮ್ಮೂರಿಗೆ ಬರುವ ಆಟೋದ ಹೆಸರಿನಲ್ಲಿರುವುದೂ ಈ ಪದವೇ.)

ಜೀವಕೋಶದಲ್ಲಿ ಲೈಸೋಸೋಮ್ ಎಂಬ ಚೀಲಗಳಿವೆ. ಅವುಗಳಲ್ಲಿ ಜೀರ್ಣಿಸುವ ಕಿಣ್ವಗಳು ತುಂಬಿರುತ್ತವೆ. ಆದರೆ ಹಳೆಯದಾದ ಮೈಟೋಕಾಂಡ್ರಿಯ ಅಲ್ಲಿಗೆ ತಲುಪುವುದು ಹೇಗೆ? ಮೊದಲು ಅದರ ಬಳಿ ಬಟ್ಟಲಿನಂತೆ ಬಾಗಿದ ತೆಳುವಾದ ಪೊರೆಯೊಂದು ಮೂಡುತ್ತದೆ. ಅದರ ಅಂಚುಗಳು ಬೆಳೆದು, ಮೈಟೋಕಾಂಡ್ರಿಯವನ್ನು ಸುತ್ತುವರಿದು, ಕೂಡಿಕೊಳ್ಳುತ್ತವೆ. ಈಗ ಅದು ಎರಡು ಪದರದ ಕಿರುಚೀಲ! ಇದು ಲೈಸೋಸೋಮನ್ನು ಮುಟ್ಟಿದಾಗ, ಎರಡು ಸೋಪಿನ ಗುಳ್ಳೆಗಳು ಒಂದಾಗುವಂತೆ ಹೊರಪೊರೆಗಳು ಬೆಸೆಯುತ್ತವೆ. ಒಳಗಿನ ಸರಕನ್ನು ಕಿಣ್ವಗಳು ಕತ್ತರಿಸುತ್ತವೆ. ಪ್ರೋಟೀನುಗಳು ಒಡೆದು ಅಮೈನೋ ಆಮ್ಲಗಳಾಗುತ್ತವೆ. ಜೀವಕೋಶ ಅವನ್ನು ಮತ್ತೆ ಬಳಸಿಕೊಳ್ಳುತ್ತದೆ.

ಚೀಲ ಹೊಲಿಯುವ ದರ್ಜಿಗಳು ಯಾರು? ಅವೂ ಪ್ರೋಟೀನುಗಳೇ. ಎಟಿಜಿ-1 ಕೆಲಸ ಆರಂಭಿಸುತ್ತದೆ. ಎಟಿಜಿ-9 ಇರುವ ಪುಟ್ಟ ಗುಳ್ಳೆಗಳು ಮೊದಲ ತುಂಡು ಪೊರೆಯನ್ನು ಒದಗಿಸುತ್ತವೆ. ಎಟಿಜಿ-8 ಪೊರೆಯ ಕೊಬ್ಬಿನ ಕಣಗಳಿಗೆ ಅಂಟಿಕೊಂಡು, ಪೊರೆ ಬೆಳೆಯಲು ನೆರವಾಗುತ್ತದೆ.

ಇದನ್ನು ಬಯಲಿಗೆ ತಂದವರಲ್ಲಿ ಪ್ರಮುಖರು ಜಪಾನಿನ ಯೋಶಿನೋರಿ ಓಸುಮಿ. ಅವರು ಆರಿಸಿಕೊಂಡದ್ದು ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟನ್ನು. ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸವನ್ನು ರಸದಾನಿ ಮಾಡುತ್ತದೆ. ಕಿರುಚೀಲಗಳು ಅದರೊಳಗೆ ಹೋದ ಕೂಡಲೇ ಕರಗಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಓಸುಮಿ ಒಂದು ಜಾಣ ಉಪಾಯ ಮಾಡಿದರು. ಆಲೆಮನೆಯಲ್ಲಿ ಗಾಣ ಕೆಟ್ಟರೆ ಏನಾಗುತ್ತದೆ? ಬಂದ ಕಬ್ಬಿನ ಗಾಡಿಗಳೆಲ್ಲ ಅಂಗಳದಲ್ಲೇ ನಿಲ್ಲುತ್ತವೆ, ಎಣಿಸಬಹುದು! ಹಾಗೆಯೇ ಜೀರ್ಣಿಸುವ ಕಿಣ್ವಗಳಿಲ್ಲದ ಯೀಸ್ಟನ್ನು ತೆಗೆದುಕೊಂಡು ಅದನ್ನು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಕರಗದ ಚೀಲಗಳು! ಸೂಕ್ಷ್ಮದರ್ಶಕದಲ್ಲಿ ಅವು ಸ್ಪಷ್ಟವಾಗಿ ಕಂಡವು. 1992ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಮುಂದೆ ಸಾವಿರಾರು ಯೀಸ್ಟ್ ತಳಿಗಳ ಜೀನುಗಳನ್ನು ರಾಸಾಯನಿಕದಿಂದ ಕೆಡಿಸಿ, ಯಾವುದರಲ್ಲಿ ಚೀಲಗಳು ತುಂಬುವುದಿಲ್ಲ ಎಂದು ಹುಡುಕಿದರು. ತಾಳ್ಮೆಯ ಕೆಲಸವೇ ಸರಿ! 1993ರ ಹೊತ್ತಿಗೆ ಸ್ವಭಕ್ಷಣೆಗೆ ಬೇಕಾದ 15 ಜೀನುಗಳು ಸಿಕ್ಕವು. 2016ರಲ್ಲಿ ಓಸುಮಿ ಅವರಿಗೆ ನೊಬೆಲ್ ಬಹುಮಾನ ಬಂತು.

ಯೀಸ್ಟಿನ ಕಥೆ ನಮಗೇಕೆ ಎನ್ನುವಿರಾ? ಮರಿ ಹುಟ್ಟಿದೊಡನೆ ಹೊಕ್ಕುಳಬಳ್ಳಿಯಿಂದ ಬರುತ್ತಿದ್ದ ಆಹಾರ ನಿಂತುಹೋಗುತ್ತದೆ. ತಾಯಿಯ ಹಾಲು ಸಾಕಷ್ಟು ಸಿಗುವವರೆಗೆ ಜೀವಕೋಶಗಳು ಸ್ವಭಕ್ಷಣೆಯ ನೆರವು ಪಡೆಯುತ್ತವೆ. 2004ರಲ್ಲಿ ನೊಬೊರು ಮಿಜುಶಿಮಾ ಅವರ ತಂಡ ಎಟಿಜಿ-5 ಪ್ರೋಟೀನು ಇಲ್ಲದ ಇಲಿಮರಿಗಳನ್ನು ಗಮನಿಸಿತು. ಹುಟ್ಟಿದಾಗ ಅವು ಹೆಚ್ಚುಕಡಿಮೆ ಉಳಿದ ಮರಿಗಳಂತೆಯೇ ಇದ್ದವು. ಆದರೆ ಒಂದು ದಿನದೊಳಗೆ ಸತ್ತವು. ಒತ್ತಾಯದಿಂದ ಹಾಲು ಕುಡಿಸಿದ ಮರಿಗಳು ಮಾತ್ರ ಇನ್ನಷ್ಟು ಹೊತ್ತು ಬದುಕಿದವು.