ಫ್ಯಾಕ್ಸ್ ಸಂದೇಶ ಕೆಡುವುದೇಕೆ?

ಶಿವಗಂಗೆಯ ಬೆಟ್ಟದ ಕಡಿದಾದ ಬಂಡೆಯಿಂದ 170 ಮೀಟರು ದೂರದಲ್ಲಿ ನಿಂತು ಗಟ್ಟಿಯಾಗಿ ಕೂಗಿದರೆ, ಒಂದು ಸೆಕೆಂಡಿನ ತರುವಾಯ ನಮ್ಮ ಧ್ವನಿಯು ನಮಗೇ ಮರಳಿ ಕೇಳಿಸುತ್ತದೆ. ಶಬ್ದದ ವೇಗವು ಸೆಕೆಂಡಿಗೆ ಸುಮಾರು 340 ಮೀಟರು ಇರುವುದೇ ಇದಕ್ಕೆ ಕಾರಣ. ಆ ಮಾರ್ದನಿಯ ನಡುವೆಯೇ ಇನ್ನೊಂದು ಮಾತನ್ನಾಡಿದರೆ ಎರಡೂ ಬೆರೆತು ಗೊಂದಲವಾಗುತ್ತದೆ. ದೂರವಾಣಿಯ ತಂತಿಯಲ್ಲಿಯೂ ಇಂಥ ಮಾರ್ದನಿಯುಂಟು. ಗಣಕಯಂತ್ರದ ಮೋಡೆಮಿಗೆ ಬರುವ ಫ್ಯಾಕ್ಸ್ ಸಂದೇಶವು ಕೆಡುವುದಕ್ಕೆ ಇದೊಂದು ಕಾರಣ. ಆದರೆ ಇದೊಂದೇ ಅಲ್ಲ.

ಫ್ಯಾಕ್ಸ್ ಯಂತ್ರವು ಪುಟದ ಪ್ರತಿಯೊಂದು ಗೆರೆಯನ್ನೂ 1728 ಬಿಂದುಗಳಾಗಿ ಒಡೆದು, ಕಪ್ಪು ಬಿಳುಪುಗಳನ್ನು ಸಂಕೇತಗಳನ್ನಾಗಿ ಮಾರ್ಪಡಿಸಿ, ಸ್ವರಗಳ ರೂಪದಲ್ಲಿ ತಂತಿಗೆ ಕೊಡುತ್ತದೆ. ಮೊದಲು ಎರಡು ಕಡೆಯ ಯಂತ್ರಗಳೂ ಸೆಕೆಂಡಿಗೆ 300 ಬಿಟ್‌ಗಳ ನಿಧಾನ ಗತಿಯಲ್ಲಿ ಪರಿಚಯ ಮಾಡಿಕೊಳ್ಳುತ್ತವೆ. ಬಳಿಕ ತಂತಿಯ ಗುಣವನ್ನು ಪರೀಕ್ಷಿಸಿ, 9600 ಅಥವಾ 14400 ಬಿಟ್‌ಗಳ ವೇಗದಲ್ಲಿ ಪುಟವನ್ನು ಸಾಗಿಸುತ್ತವೆ. ಕೊನೆಗೆ ಸ್ವೀಕೃತಿ. ದೋಷ ತಿದ್ದುವ ಏರ್ಪಾಡು ಇಲ್ಲದಿದ್ದರೆ, ಕೆಲವು ಗೆರೆಗಳು ಕೆಟ್ಟಿದ್ದರೂ ಸ್ವೀಕೃತಿಯು ಹೋಗಬಹುದು. ಕಳುಹಿಸಿದವರು ನಿಶ್ಚಿಂತರಾಗಿರುತ್ತಾರೆ, ಇತ್ತ ಔಷಧದ ಪ್ರಮಾಣವನ್ನು ತಿಳಿಸುವ ಅಂಕೆಯೇ ಅಳಿಸಿರಬಹುದು. ಆದುದರಿಂದ ದೋಷವು ಎಲ್ಲಿದೆಯೆಂಬುದನ್ನು ಕ್ರಮವಾಗಿ ಹುಡುಕುವುದು ಅವಶ್ಯಕ.

ಮೊದಲನೆಯದು ತಂತಿ. ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ತಂತಿಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸವನ್ನಾರಂಭಿಸಿತು. ಕೇಂದ್ರವು ಹೊಸ ಬಗೆಯದಾದರೂ, ಅಲ್ಲಿಂದ ಮನೆಯವರೆಗಿನ ತಾಮ್ರದ ಜೋಡಿತಂತಿಯಲ್ಲಿ ತುಕ್ಕು, ತೇವ, ಸಡಿಲವಾದ ಕೀಲು ಇವು ಇರಬಹುದಷ್ಟೆ. ಮಾತಿನಲ್ಲಿ ಒಂದು ಚಿಟಪಟ ಸದ್ದನ್ನು ನಮ್ಮ ಕಿವಿ ಕ್ಷಮಿಸುತ್ತದೆ, ಮೋಡೆಮ್ ಕ್ಷಮಿಸಲಾರದು. ಇನ್ನೊಂದು ಕರೆ ಕಾಯುತ್ತಿದೆಯೆಂದು ತಿಳಿಸುವ ಸ್ವರವೂ ಪುಟವನ್ನು ಕೆಡಿಸಬಲ್ಲದು.

ಎರಡನೆಯದು ಗಣಕಯಂತ್ರ. ಮೋಡೆಮಿನಿಂದ ಗಣಕಕ್ಕೆ 19200 ಬಿಟ್‌ಗಳ ವೇಗದಲ್ಲಿ ಅಕ್ಷರಗಳು ಬರುತ್ತಿವೆಯೆನ್ನೋಣ. ಒಂದು ಅಕ್ಷರಕ್ಕೆ 10 ಬಿಟ್‌ಗಳಾದರೆ, ಸೆಕೆಂಡಿಗೆ 1920 ಅಕ್ಷರಗಳು. ಅಂದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 0.52 ಮಿಲಿಸೆಕೆಂಡು. ಹಳೆಯ 16450 ಚಿಪ್ಪು ಒಂದೇ ಅಕ್ಷರವನ್ನು ಕಾದಿಡಬಲ್ಲದು. ಅಷ್ಟರೊಳಗೆ ಗಣಕವು ಅದನ್ನು ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರವು ಬಂದು ಅದನ್ನು ಅಳಿಸಿಬಿಡುತ್ತದೆ. 16550ಎ ಚಿಪ್ಪು 16 ಅಕ್ಷರಗಳನ್ನು ಹಿಡಿದಿಡುವುದರಿಂದ ಸುಮಾರು 8 ಮಿಲಿಸೆಕೆಂಡುಗಳ ಬಿಡುವು ದೊರೆಯುತ್ತದೆ. ಪುಟದ ನಡುವೆ "ಸ್ವಲ್ಪ ತಾಳು" ಎಂದು ಕಳುಹಿಸುವ ಯಂತ್ರಕ್ಕೆ ಹೇಳುವಂತಿಲ್ಲ.

ಇವೆರಡನ್ನೂ ಬೇರ್ಪಡಿಸುವ ಬಗೆ ಹೇಗೆ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ವೇಗವನ್ನು 4800ಕ್ಕೆ ಇಳಿಸಿದರೂ, ಬೇರೆ ಕಾರ್ಯಕ್ರಮಗಳು ನಡೆಯುವಾಗ ಮಾತ್ರ ಪುಟವು ಕೆಡುತ್ತಿದ್ದರೆ ಗಣಕವನ್ನು ಶಂಕಿಸಬೇಕು. ಗಣಕವು ಬಿಡುವಾಗಿದ್ದೂ ಕೆಡುತ್ತಿದ್ದು, ವೇಗವನ್ನಿಳಿಸಿದೊಡನೆ ಸರಿಹೋದರೆ ತಂತಿಯನ್ನು ಶಂಕಿಸಬೇಕು. ಒಬ್ಬರಿಂದ ಬರುವ ಪುಟ ಮಾತ್ರ ಕೆಡುತ್ತಿದ್ದರೆ ದೋಷವು ಅವರ ಯಂತ್ರದಲ್ಲೋ ಅವರ ತಂತಿಯಲ್ಲೋ ಇದ್ದೀತು. ದೋಷ ತಿದ್ದುವ ಏರ್ಪಾಡನ್ನು ಎರಡೂ ಕಡೆ ಚಾಲನೆಯಲ್ಲಿಟ್ಟರೆ ಕೆಟ್ಟ ಭಾಗಗಳಷ್ಟನ್ನು ಮರಳಿ ತರಿಸಬಹುದು.

ಇಂದು ಫ್ಯಾಕ್ಸಿನ ಬಳಕೆಯು ಬಹಳ ತಗ್ಗಿದೆ. ಉಳಿದಿರುವ ಕಡೆ, ದೂರವಾಣಿಯು ಬೆಳಕಿನೆಳೆಯ ಮೂಲಕ ತುಣುಕುತುಣುಕಾಗಿ ಸಾಗಿದರೆ ಹೊಸ ತೊಡಕೊಂದುಂಟು: ಒಂದು ತುಣುಕು ತಡವಾದರೂ ಪುಟ ಹರಿಯುತ್ತದೆ. ಇದನ್ನು ತಡೆಯಲೆಂದೇ 1998ರಲ್ಲಿ ಟಿ.38 ಎಂಬ ವಿಧಾನವು ಬಂದಿತು. ಸಾಧನಗಳು ಬದಲಾಗುತ್ತವೆ; ಆದರೆ ಒಂದೊಂದೇ ಕಾರಣವನ್ನು ಬೇರ್ಪಡಿಸಿ ಪರೀಕ್ಷಿಸುವ ಕ್ರಮವು ಎಲ್ಲ ಯಂತ್ರಗಳಿಗೂ ಸಲ್ಲುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.