ಆರಂಭಿಕ ಇಸ್ಲಾಂನ ನೆಲ-ಜಲ ನಿಯಮಗಳು ಮತ್ತು ಬೀದರಿನ ಕರೇಜ್

ಒಡೆಯನಿಲ್ಲದ ಪಾಳುಭೂಮಿಯನ್ನು ಸಾಗುವಳಿಗೆ ತಂದವನಿಗೇ ಅದರ ಹಕ್ಕು ಎಂಬುದು ಪ್ರವಾದಿ ಮಹಮ್ಮದರ ಬೋಧನೆ. ಇದೇ ‘ಇಹ್ಯಾ ಅಲ್-ಮವಾತ್’. ಗಡಿ ಗುರುತಿಸಿಯೂ ಮೂರು ವರ್ಷ ಉಳದೆ ಬಿಟ್ಟರೆ ಹಕ್ಕು ತಪ್ಪುತ್ತದೆಂಬ ಕಟ್ಟಳೆ ಖಲೀಫ ಉಮರ್ (ಆಳ್ವಿಕೆ 634–644) ಹೆಸರಿನಲ್ಲಿದೆ. ನೀರು, ಹುಲ್ಲು, ಬೆಂಕಿ ಎಲ್ಲರ ಸೊತ್ತು ಎಂಬುದೂ ಪ್ರವಾದಿಯ ಬೋಧನೆಯೇ.

ಪರೀಕ್ಷೆಯಲ್ಲಿ ಗೊಂದಲ ಹುಟ್ಟಿಸುವ ಜೋಡಿ ‘ಹಿಮಾ’ ಮತ್ತು ‘ಹರೀಮ್’. ಹಿಮಾ ಎಂದರೆ ಮೀಸಲು ಹುಲ್ಲುಗಾವಲು. ಇಸ್ಲಾಂಗೆ ಮುಂಚೆ ಅರಬ್ ಮುಖಂಡರು ಇದನ್ನು ಸ್ವಂತಕ್ಕೆ ಕಾದಿರಿಸಿಕೊಳ್ಳುತ್ತಿದ್ದರು. ಪ್ರವಾದಿ ಅದನ್ನು ಸಾರ್ವಜನಿಕ ಹಿತಕ್ಕೆ ಸೀಮಿತಗೊಳಿಸಿದರು. ಬಾವಿ, ಕಾಲುವೆಗಳ ಸುತ್ತ ಬಿಡಬೇಕಾದ ರಕ್ಷಿತ ಜಾಗವೇ ಹರೀಮ್. ಹತ್ತಿರದಲ್ಲೇ ಇನ್ನೊಂದು ಬಾವಿ ತೋಡಿ ಮೊದಲಿನದರ ನೀರು ಬತ್ತಿಸದಂತೆ ತಡೆಯುವುದು ಇದರ ಉದ್ದೇಶ. ಖಲೀಫ ಹಾರೂನ್ ಅಲ್-ರಶೀದ್‌ಗಾಗಿ 8ನೇ ಶತಮಾನದಲ್ಲಿ ಅಬು ಯೂಸುಫ್ ಬರೆದ ‘ಕಿತಾಬ್ ಅಲ್-ಖರಾಜ್’ ಭೂಕಂದಾಯದ ಜೊತೆಗೆ ನೀರಿನ ಹಕ್ಕನ್ನೂ ವಿವರಿಸುತ್ತದೆ.

ಮುಸ್ಲಿಂ ಆಳ್ವಿಕೆಯ ಕಾಲದ ನೀರಿನ ವ್ಯವಸ್ಥೆಗೆ ಕರ್ನಾಟಕದಲ್ಲಿ ಹತ್ತಿರದ ಉದಾಹರಣೆ ಬೀದರಿನ ನೌಬಾದ್ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ. ಇದು 15ನೇ ಶತಮಾನದ ಬಹಮನಿ ಸುಲ್ತಾನರ ಕಾಲದ್ದು. ತಂತ್ರ ಮಾತ್ರ ಇಸ್ಲಾಂಗಿಂತಲೂ ಹಳೆಯದು, ಪರ್ಷಿಯಾ ಮೂಲದ್ದು. ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಸುರಂಗದೊಳಗೆ ಅಂತರ್ಜಲ ಇಳಿಜಾರಿನ ಬಲದಿಂದಲೇ ಹರಿಯುತ್ತದೆ. ಗಾಳಿ, ಬೆಳಕು ಬರಲು, ಹೂಳೆತ್ತಲು ಅಲ್ಲಲ್ಲಿ ಬಾವಿಯಂಥ ಲಂಬ ಕಿಂಡಿಗಳಿವೆ.